ಜಲ ಸ್ಕೀಯಿಂಗ್: ಯಾವ ಕೆಲಸಕ್ಕೆ ಯಾವ ದೋಣಿ?

1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನು ಎರಡು ಹಲಗೆಗಳ ಮೇಲೆ ನಿಂತು ನೀರಿನಲ್ಲಿ ಜಾರಿದಾಗ, ಅವನನ್ನು ಎಳೆದದ್ದು ಲಾರಿಯ ಎಂಜಿನ್ ಜೋಡಿಸಿದ ಸಾಧಾರಣ ದೋಣಿ. ಇಂದು ಈ ಕ್ರೀಡೆಗೆಂದೇ ದೋಣಿ ಕಟ್ಟುವ ಉದ್ಯಮವೊಂದು ಅಲ್ಲಿ ಬೆಳೆದು ನಿಂತಿದೆ. ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಸಂಸ್ಥೆಯು 1961ರಲ್ಲಿ ಸ್ಕೀ ನಾಟಿಕ್ ದೋಣಿಯನ್ನು ಕೈಗೆತ್ತಿಕೊಂಡಿತು. ಟೆನೆಸಿಯಲ್ಲಿ 1968ರಲ್ಲಿ ಮಾಸ್ಟರ್‌ಕ್ರಾಫ್ಟ್ ಆರಂಭವಾಯಿತು. ಮೂಲತಃ ಮೋಟಾರು ವಾಹನಗಳಿಗೆಂದು ತಯಾರಾದ ವಿ-8 ಎಂಜಿನ್ನುಗಳನ್ನು ನೀರಿಗೆ ಒಗ್ಗಿಸಿ ಒದಗಿಸುವ ಉಪ ಉದ್ಯಮಗಳೂ ಇವುಗಳೊಡನೆ ಬೆಳೆದವು.

ಖರೀದಿದಾರನು ಮೊದಲು ವಿಚಾರಿಸುವುದು ಅಶ್ವಶಕ್ತಿಯನ್ನು. ವಾಸ್ತವದಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ಮತ್ತು ಪ್ರೊಪೆಲ್ಲರ್ ಇರುವ ಸ್ಥಳವನ್ನು.

ಸ್ಪರ್ಧೆಗಳಲ್ಲಿ ಡೈರೆಕ್ಟ್ ಡ್ರೈವ್ ದೋಣಿಗೆ ಅಗ್ರಸ್ಥಾನ. ಇದರಲ್ಲಿ ಎಂಜಿನ್ ನಟ್ಟನಡುವೆ ಇರುತ್ತದೆ. ಹಗ್ಗ ಕಟ್ಟುವ ಕಂಬವೂ ಅದರ ಸಮೀಪದಲ್ಲಿಯೇ. ಸ್ಕೀಗಾರನು ಪಕ್ಕಕ್ಕೆ ಜಗ್ಗಿದರೂ ದೋಣಿಯ ಹಿಂಭಾಗ ಸುಲಭವಾಗಿ ಅತ್ತಿತ್ತ ಸರಿಯದು. ತಳದ ರೆಕ್ಕೆಗಳು ಅದನ್ನು ನೇರದಾರಿಯಲ್ಲಿ ಹಿಡಿದಿಡುತ್ತವೆ. ಸ್ಲಾಲಂ ಸ್ಪರ್ಧೆಯಲ್ಲಿ ಪುರುಷರಿಗೆ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55 ಕಿ.ಮೀ. ಆ ಮಿತಿಯನ್ನು ಮುಟ್ಟಿದ ಬಳಿಕ 18.25 ಮೀಟರ್ ಹಗ್ಗವನ್ನು ಹಂತ ಹಂತವಾಗಿ ಮೊಟಕುಗೊಳಿಸುತ್ತಾರೆ. ತೇಲುಗುಂಡುಗಳು ನಡುರೇಖೆಯಿಂದ 11.5 ಮೀಟರ್ ದೂರದಲ್ಲಿದ್ದರೆ, ಉನ್ನತ ಸ್ಪರ್ಧಿಗಳ ಹಗ್ಗ 10.25 ಮೀಟರಿಗೂ ಇಳಿಯುತ್ತದೆ! ಉಳಿದ ಅಂತರವನ್ನು ಸ್ಪರ್ಧಿಯು ಮೈಬಾಗಿಸಿಯೇ ತುಂಬಬೇಕು. ಇಂತಹ ಕಡೆ ವೇಗದಲ್ಲಿ ಅಲ್ಪ ಏರುಪೇರೂ ಸಲ್ಲದಾದ್ದರಿಂದ ಉಪಗ್ರಹ ಆಧಾರಿತ ವೇಗನಿಯಂತ್ರಕವು ಬಳಕೆಗೆ ಬಂದಿದೆ.

ವಿ-ಡ್ರೈವ್ ದೋಣಿಯಲ್ಲಿ ಎಂಜಿನ್ ಹಿಂದಕ್ಕೆ ಸರಿದು, ಆಸನಗಳಿಗೆ ಸ್ಥಳ ದೊರೆಯುತ್ತದೆ. ಹಿಂಭಾಗ ಭಾರವಾದಂತೆ ಅಲೆ ಎತ್ತರವಾಗುತ್ತದೆ. ಟ್ಯಾಂಕುಗಳಿಗೆ ನೀರು ತುಂಬಿ ಅದನ್ನು ಇನ್ನಷ್ಟು ಎಬ್ಬಿಸುವುದೂ ಉಂಟು. ವೇಕ್‌ಬೋರ್ಡಿಗೆ ಇದು ವರ, ಸ್ಲಾಲಂ ಸ್ಕೀಗಾರನಿಗೆ ಶಾಪ.

ಔಟ್‌ಬೋರ್ಡ್ ದೋಣಿಯ ಅನುಕೂಲಗಳನ್ನು ಕಡೆಗಣಿಸುವಂತಿಲ್ಲ. ಎಂಜಿನ್ನನ್ನು ಮೇಲಕ್ಕೆತ್ತಿ ಆಳವಿಲ್ಲದ ದಡಕ್ಕೆ ಬರಬಹುದು, ದುರಸ್ತಿಯೂ ಸುಲಭ, ಮೀನು ಹಿಡಿಯಲೂ ವಿಹಾರಕ್ಕೂ ಒದಗುತ್ತದೆ. ಸ್ಕೀ ಕಲಿಯುವವರಿಗೆ ಇಷ್ಟು ಸಾಕು. ವಾರಕ್ಕೆರಡು ದಿನ ಮಾತ್ರ ಗಿರಾಕಿ ಬರುವ ವಿಹಾರತಾಣವು ಸ್ಪರ್ಧಾ ದೋಣಿಗೆ ಬಂಡವಾಳ ಹೂಡುವುದು ಜಾಣತನವೆನಿಸದು. ಡೈರೆಕ್ಟ್ ಡ್ರೈವ್ ದೋಣಿಯನ್ನು ಹಿಂದಕ್ಕೆ ಚಲಾಯಿಸಿ ದಡಕ್ಕೆ ತರುವುದಂತೂ ಪಳಗಿದವರಿಗೂ ಪರೀಕ್ಷೆಯೇ.

ಆದರೆ ಒಂದು ವಿಷಯದಲ್ಲಿ ರಾಜಿ ಸಲ್ಲದು. ಔಟ್‌ಬೋರ್ಡ್ ಹಾಗೂ ಸಾಮಾನ್ಯ ಸ್ಟರ್ನ್‌ಡ್ರೈವ್ ದೋಣಿಗಳಲ್ಲಿ ಪ್ರೊಪೆಲ್ಲರ್ ಹಿಂಬದಿಯಂಚಿನಿಂದ ಆಚೆಗೆ ತಿರುಗುತ್ತದೆ. ದೋಣಿಗೆ ತೀರ ಹತ್ತಿರ ನಿಂತು ಆಡುವ ವೇಕ್‌ಸರ್ಫಿಂಗ್‌ಗೆ ಇವನ್ನು ಬಳಸಲೇಬಾರದು. ಬಿದ್ದವನನ್ನು ಹತ್ತಿಸಿಕೊಳ್ಳುವಾಗ ಯಾವ ದೋಣಿಯಾದರೂ ಎಂಜಿನ್ ನಿಲ್ಲಿಸಿರಬೇಕು. ಒಳಗೆ ಪೆಟ್ರೋಲ್ ಎಂಜಿನ್ನಿರುವ ದೋಣಿಯಾದರೆ, ಚಾಲನೆಗೆ ಮುನ್ನ ನಾಲ್ಕು ನಿಮಿಷವಾದರೂ ಗಾಳಿಯಂತ್ರ ಓಡಿಸಿ ತಳದಲ್ಲಿ ಕಟ್ಟಿಕೊಂಡ ಆವಿಯನ್ನು ಹೊರಹಾಕತಕ್ಕದ್ದು.