ಕಿವಿಯೊಳಗಿನ ನಾಲ್ಕು ಚುಕ್ಕಿ

ಸುರಪುರದ ಮನೆಯಲ್ಲಿ ಸ್ಟೀಲ್ ತಟ್ಟೆ ದಢಾರನೆ ಬಿದ್ದರೂ ಅಕ್ಕನ ಮಗಳು ತಿರುಗಿ ನೋಡಲಿಲ್ಲ. ಆಗ ಅವಳಿಗೆ ಒಂದೂವರೆ ವರ್ಷ. "ಅವರಪ್ಪನೂ ತಡಾಗೇ ಮಾತಾಡಿದ್ದ, ಬಿಡಪಾ" ಅಂದರು ಅಕ್ಕನ ಅತ್ತೆ. ನಾವೂ ಬಿಟ್ಟೆವು. ಆರು ತಿಂಗಳು ಹಾಗೇ ಹೋಯಿತು.

ಕೊನೆಗೆ ಯಾದಗಿರಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿ, ಬೆರಾ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು: ಎರಡೂ ಕಿವಿ ಕೇಳುವುದಿಲ್ಲ. ಶ್ರವಣಸಾಧನ ಹಾಕಿ ನೋಡಿದರೂ ಪ್ರಯೋಜನವಾಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಮಾಡಬಹುದು, ಆದರೆ ಮೊದಲು ಸಿಟಿ ಮತ್ತು ಎಂಆರ್‌ಐ ಬೇಕು ಅಂದರು. ನಾನು ಬೆಂಗಳೂರಿನಿಂದ ಫೋನಲ್ಲಿ, "ಅದೆಲ್ಲ ಫಾರ್ಮಾಲಿಟಿ ಅಕ್ಕ" ಅಂದುಬಿಟ್ಟೆ. ಇಂಜಿನಿಯರ್ ನೋಡಿ, ಎಲ್ಲ ಗೊತ್ತು ಅನ್ನೋ ಭ್ರಮೆ!

ಗೊತ್ತಿರಲಿಲ್ಲ. ಇಂಪ್ಲಾಂಟ್ ಶಬ್ದವನ್ನು ವಿದ್ಯುತ್ ಸಂಕೇತ ಮಾಡಿ ನೇರ ಶ್ರವಣ ನರಕ್ಕೆ ಕೊಡುತ್ತದೆ. ನರವೇ ಇಲ್ಲದಿದ್ದರೆ? ಸಿಟಿ ಸ್ಕ್ಯಾನ್ ಮೂಳೆಯನ್ನು ತೋರಿಸುತ್ತದೆ: ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾಕ್ಕೆ ಎರಡೂವರೆ ಸುತ್ತು ಇದೆಯೇ, ಮುಖದ ನರ ಯಾವ ದಾರಿಯಲ್ಲಿ ಹೋಗಿದೆ ಅಂತ. ಎಂಆರ್‌ಐ ಒಳಗಿನ ದ್ರವವನ್ನೂ ನರವನ್ನೂ ತೋರಿಸುತ್ತದೆ.

ಸ್ಕ್ಯಾನಿಗೆ ಕಲಬುರಗಿ, ಸುಮಾರು 100 ಕಿಲೋಮೀಟರ್. ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟುವಾಗ ಇನ್ನೂ ಕತ್ತಲು. ಜೇವರ್ಗಿ ಹತ್ತಿರ ಹಸಿದು ಅಳುತ್ತಿದ್ದ ಕೂಸಿಗೆ ಅಜ್ಜಿ ಹಾಲಲ್ಲಿ ಬಿಸ್ಕೀಟು ಅದ್ದಿ ತಿನ್ನಿಸಿಬಿಟ್ಟರು. ಅವತ್ತಿನ ಸ್ಕ್ಯಾನ್ ರದ್ದು! ಎಂಆರ್‌ಐನಲ್ಲಿ ಮಗು ಅರ್ಧ ಗಂಟೆಗೂ ಹೆಚ್ಚು ಅಲುಗಾಡಬಾರದು, ಅದಕ್ಕೆ ಮಂಪರು ಬರಿಸುತ್ತಾರೆ. ಹೊಟ್ಟೆಯಲ್ಲಿ ಆಹಾರ ಇದ್ದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನೇ.

ಎರಡನೇ ಸಲ ನಾನೂ ಹೋದೆ. ಬಾಗಿಲಾಚೆ ಯಂತ್ರ ಢಂ ಢಂ ಅಂತ ಬಡಿಯುತ್ತಿತ್ತು. "ಆಕಿಗಿ ಇದೂ ಕೇಳಂಗಿಲ್ಲಲ್ಲೋ ತಮ್ಮ" ಅಂದಳು ಅಕ್ಕ. ಏನು ಹೇಳಲಿ?

ಆಮೇಲೆ ಡಾಕ್ಟರು ಪರದೆ ತೋರಿಸಿದರು. ಕಿವಿಯಿಂದ ಮಿದುಳಿಗೆ ಹೋಗುವ ಸಣ್ಣ ಕಾಲುವೆಯನ್ನು ಅಡ್ಡ ಕೊಯ್ದಂತೆ ನೋಡಿದರೆ ನಾಲ್ಕು ಚುಕ್ಕಿ ಕಾಣಬೇಕು. ಮುಂದಿನ ಎರಡರಲ್ಲಿ ಮೇಲಿನದು ಮುಖದ ನರ, ಕೆಳಗಿನದು ಶ್ರವಣದ್ದು. ಹಿಂದಿನ ಎರಡು ಸಮತೋಲನದವು. ನಾನು ಎಣಿಸಿದೆ. ಒಂದು, ಎರಡು, ಮೂರು... ನಾಲ್ಕು.

"ನರ ಇದೆ" ಅಂದರು. ಅಕ್ಕ ಅಲ್ಲೇ ಕೂತು ಅತ್ತಳು.

ನಿಮ್ಮ ಊರಲ್ಲೂ ಇಂಥ ಮಗು ಇದ್ದರೆ ಇಷ್ಟು ನೆನಪಿಡಿ. "ದೊಡ್ಡವಳಾದ್ರ ಮಾತಾಡ್ತಾಳ" ಅಂತ ಕಾಯಬೇಡಿ. ಮಿದುಳು ಜ್ವರ ಬಂದು ಕಿವಿ ಹೋಗಿದ್ದರಂತೂ ಇನ್ನೂ ಅವಸರ: ಕಾಕ್ಲಿಯಾ ಕೆಲವೇ ವಾರಗಳಲ್ಲಿ ಮೂಳೆಗಟ್ಟಲು ಶುರುವಾಗಬಹುದು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತಪಾಸಣೆ ಮಾಡಿಸಬಹುದು. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನ ಕುಟುಂಬಗಳ ಚಿಕ್ಕ ಮಕ್ಕಳಿಗೆ ಇಂಪ್ಲಾಂಟಿಗೆ ನೆರವಿದೆ. ಸ್ಕ್ಯಾನಿನ ಫಿಲ್ಮು, ಸಿಡಿ ಎರಡನ್ನೂ ಜೋಪಾನ ಮಾಡಿ. ಸ್ಕ್ಯಾನಿಗೆ ಎಷ್ಟು ಗಂಟೆ ಉಪವಾಸ ಅನ್ನೋದನ್ನು ಮೊದಲು ಅಜ್ಜಿಗೆ ಹೇಳಿ.

ಆಪರೇಷನ್ ಇನ್ನೂ ಆಗಬೇಕು, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ. ಕಳೆದ ಆರು ತಿಂಗಳಂತೂ ವಾಪಸ್ ಬರಲ್ಲ. ಆದರೆ ಈಗ ಮನೆಯಲ್ಲಿ ಯಾರೂ "ಬಿಡಪಾ" ಅನ್ನಲ್ಲ.