ಒಂದು ಸಂಬಳ, ಮೂರು ತೆರಿಗೆ

ಈಚೆಗೆ ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿರುವ ತಮ್ಮ ಮಗನ ಸಂಬಳದ ಚೀಟಿಯನ್ನು ನನ್ನ ಮುಂದೆ ಹಿಡಿದು, "ಮೇಷ್ಟ್ರೇ, ಕೇಂದ್ರಕ್ಕೊಂದು, ರಾಜ್ಯಕ್ಕೊಂದು, ಊರಿಗೊಂದು ಎಂದು ಮೂರು ಸಲ ವರಮಾನ ತೆರಿಗೆ ಹಿಡಿದಿದ್ದಾರೆ. ಹುಡುಗನಿಗೆ ಯಾರೋ ಮೋಸ ಮಾಡುತ್ತಿದ್ದಾರೆ" ಎಂದು ಕಳವಳಪಟ್ಟರು. ಮಗನೇ ಹಣವನ್ನು ಮುಚ್ಚಿಡುತ್ತಿರಬಹುದೆಂಬ ಸಂಶಯವೂ ಅವರ ಮನಸ್ಸಿನ ಮೂಲೆಯಲ್ಲಿ ಇತ್ತೆಂದು ಮಾತಿನ ಧಾಟಿಯಿಂದಲೇ ತಿಳಿಯಿತು. ನಿಮ್ಮ ಮನೆಯ ಮಕ್ಕಳೂ ಆ ದೇಶದಲ್ಲಿರಬಹುದು. ಆದಕಾರಣ ಈ ಲೆಕ್ಕವನ್ನು ನಾವೆಲ್ಲರೂ ತಿಳಿದಿರುವುದು ಒಳಿತು.

ಮೋಸವೇನೂ ಇಲ್ಲ. ನಮ್ಮ ಭಾಷೆಯಲ್ಲಿ ಕರ ಎಂದರೆ ಕೈ; ಕರ ಎಂದರೆ ತೆರಿಗೆಯೂ ಹೌದು. ಅಲ್ಲಿ ಒಂದೇ ಸಂಬಳದ ಮುಂದೆ ಮೂರು ಕೈಗಳು ಚಾಚುತ್ತವೆ. ಫೆಡರಲ್ ಎಂದು ಕರೆಯುವ ಕೇಂದ್ರ ಸರ್ಕಾರಕ್ಕೆ 1913ರಲ್ಲಿ ಆದ ಸಂವಿಧಾನದ 16ನೆಯ ತಿದ್ದುಪಡಿಯಿಂದ ಈ ಅಧಿಕಾರ ದೃಢವಾಯಿತು. ರಾಜ್ಯಗಳಿಗೆ ತಮ್ಮದೇ ಅಧಿಕಾರವುಂಟು. ಆದರೆ ಟೆಕ್ಸಾಸ್, ಫ್ಲಾರಿಡಾಗಳಂಥ ರಾಜ್ಯಗಳು ಸಂಬಳದ ಮೇಲೆ ತೆರಿಗೆಯನ್ನೇ ಹಾಕುವುದಿಲ್ಲ. ನಗರಗಳ ಮಾತನ್ನು ಆ ದೇಶದ ಸಂವಿಧಾನ ಎತ್ತುವುದಿಲ್ಲ. ರಾಜ್ಯ ಕೊಟ್ಟಷ್ಟೇ ನಗರದ ಅಧಿಕಾರ. ಪೆನ್ಸಿಲ್ವೇನಿಯಾ ರಾಜ್ಯ 1932ರಲ್ಲಿ ಮಾಡಿದ ಕಾನೂನಿನ ಬಲದಿಂದ ಫಿಲಡೆಲ್ಫಿಯಾ ನಗರವು 1940ರಿಂದ ಸಂಬಳದ ಮೇಲೆ ತೆರಿಗೆ ಎತ್ತತೊಡಗಿತು. ಮುಂದೆ 1946ರಲ್ಲಿ ಟೊಲೀಡೊ, 1962ರಲ್ಲಿ ಡೆಟ್ರಾಯಿಟ್, 1966ರಲ್ಲಿ ನ್ಯೂಯಾರ್ಕ್ ನಗರಗಳು ಅದೇ ದಾರಿ ಹಿಡಿದವು. ಎಲ್ಲ ನಗರಗಳಲ್ಲಿಯೂ ಇದು ಇದೆಯೆಂದು ಭಾವಿಸಬಾರದು. ಇಲ್ಲದ ನಗರಗಳೇ ಹೆಚ್ಚು.

ಇನ್ನು ಲೆಕ್ಕ. ನ್ಯೂಯಾರ್ಕ್ ನಗರದಲ್ಲಿ ಒಂಟಿಯಾಗಿ ವಾಸಿಸುವ ಒಬ್ಬನಿಗೆ, ಕಾನೂನು ಕೊಡುವ ಕಡಿತಗಳೆಲ್ಲ ಕಳೆದು, ತೆರಿಗೆಗೆ ಒಳಪಡುವ ವರಮಾನ 60,000 ಡಾಲರ್ ಎಂದಿಟ್ಟುಕೊಳ್ಳಿ. ಅವನು ಇನ್ನೂ 100 ಡಾಲರ್ ಸಂಪಾದಿಸಿದರೆ, 2024ರ ದರದಂತೆ ಕೇಂದ್ರಕ್ಕೆ 22, ರಾಜ್ಯಕ್ಕೆ 5.50, ನಗರಕ್ಕೆ ಸುಮಾರು 3.88 ಡಾಲರ್ ಸಲ್ಲಬೇಕು. ಒಟ್ಟು 31 ಡಾಲರಿಗೆ ತುಸು ಹೆಚ್ಚು. ವೃದ್ಧಾಪ್ಯದ ಪಿಂಚಣಿಗೂ ವೈದ್ಯ ವಿಮೆಗೂ ಹಿಡಿಯುವ 7.65 ಡಾಲರ್ ಬೇರೆ. ಕೈಗೆ ಉಳಿಯುವುದು ಸುಮಾರು 61.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿಗೆ ಎಡೆಯುಂಟು. ಮೊದಲನೆಯದಾಗಿ, ಶೇಕಡ 22 ಎಂಬುದು ಇಡೀ ವರಮಾನದ ಮೇಲಲ್ಲ. ವರಮಾನವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲುಗಳಿಗೆ ಶೇಕಡ 10, 12 ಎಂಬ ಕಡಿಮೆ ದರ. ಎರಡನೆಯದಾಗಿ, ಒಬ್ಬರು ಹಿಡಿದು ಉಳಿದದ್ದರ ಮೇಲೆ ಇನ್ನೊಬ್ಬರು ಹಿಡಿಯುವುದಲ್ಲ. ನ್ಯೂಯಾರ್ಕಿನಲ್ಲಿ ಮೂವರೂ ತಮ್ಮ ತಮ್ಮ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡುತ್ತಾರೆ. ನೆರೆಯ ಯಾಂಕರ್ಸ್ ನಗರದ ಪದ್ಧತಿ ಮಾತ್ರ ವಿಚಿತ್ರ. ಅಲ್ಲಿಯ ನಿವಾಸಿ ರಾಜ್ಯಕ್ಕೆ ಎಷ್ಟು ತೆರಿಗೆ ಕೊಡುತ್ತಾನೋ ಅದರ ಶೇಕಡ 16.75ರಷ್ಟನ್ನು ನಗರಕ್ಕೆ ಕೊಡಬೇಕು. ಅದು ತೆರಿಗೆಯ ಮೇಲಣ ತೆರಿಗೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ನಗರದ ತೆರಿಗೆಯನ್ನು ಯಾರು ಕೊಡಬೇಕು? ಆ ಊರಿನಲ್ಲಿ ಮಲಗುವವನೋ, ದುಡಿಯುವವನೋ? ನ್ಯೂಯಾರ್ಕ್ ನಗರವು ಮೊದಲು ಇಬ್ಬರಿಂದಲೂ ಪಡೆಯುತ್ತಿತ್ತು. ಹೊರಗಿನಿಂದ ಬರುವವರ ಮೇಲಿನ ತೆರಿಗೆಯನ್ನು ರಾಜ್ಯದ ಶಾಸನಸಭೆ 1999ರಲ್ಲಿ ತೆಗೆದುಹಾಕಿತು. ಆದ್ದರಿಂದ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ ಮನೆಮಾಡಿಕೊಂಡು ಈ ನಗರಕ್ಕೆ ಕೆಲಸಕ್ಕೆ ಬರುವವನು ನ್ಯೂಯಾರ್ಕ್ ರಾಜ್ಯದ ತೆರಿಗೆ ಕೊಡುತ್ತಾನೆಯೇ ಹೊರತು ನಗರದ್ದನ್ನಲ್ಲ. ಅದೇ ನ್ಯೂಜೆರ್ಸಿಯವನು ಫಿಲಡೆಲ್ಫಿಯಾದಲ್ಲಿ ದುಡಿದರೆ ಆ ನಗರಕ್ಕೆ ತೆರಿಗೆ ತಪ್ಪಿದ್ದಲ್ಲ. 2024ರ ಆರಂಭದಲ್ಲಿ ಅಲ್ಲಿಯ ನಿವಾಸಿಗೆ ಶೇಕಡ 3.75, ಹೊರಗಿನವನಿಗೆ 3.44 ಇದ್ದಿತು. ಹಾಗೆ ಕೊಟ್ಟದ್ದಕ್ಕೆ ನ್ಯೂಜೆರ್ಸಿ ತನ್ನ ತೆರಿಗೆಯಲ್ಲಿ ಒಂದು ಮಿತಿಯವರೆಗೆ ವಜಾ ಕೊಡುವುದರಿಂದ ಹೊರೆ ಕೊಂಚ ಇಳಿಯುತ್ತದೆ.

ಇದು ನ್ಯಾಯವೇ ಎಂದು ನೀವು ಕೇಳಬಹುದು. ಹಗಲೆಲ್ಲ ನಗರದ ರಸ್ತೆ, ನೀರು, ಪೊಲೀಸು, ಬೆಂಕಿ ಆರಿಸುವ ದಳ ಎಲ್ಲವನ್ನೂ ಬಳಸಿ ಸಂಜೆ ಹೊರಟುಹೋಗುವವನು ಅದರ ಖರ್ಚಿನಲ್ಲಿ ಪಾಲು ಕೊಡಬೇಡವೇ ಎಂದು ನಗರದವರ ವಾದ. ಕೌನ್ಸಿಲ್ಲಿಗೆ ಓಟು ಹಾಕುವ ಹಕ್ಕಿಲ್ಲದವನಿಂದ ಹಣ ಕೇಳುವುದು ಹೇಗೆ ಎಂದು ಹೊರಗಿನವರ ವಾದ. ಎರಡರಲ್ಲಿಯೂ ಹುರುಳಿದೆ. ಆದರೂ ತೂಕ ನಗರದ ಕಡೆಗೆ ಸ್ವಲ್ಪ ವಾಲುತ್ತದೆಂದು ನನಗೆ ತೋರುತ್ತದೆ. ಅನ್ನ ಕೊಟ್ಟ ಊರಿನ ಋಣವೆಂಬುದೊಂದಿದೆ.

ನಮ್ಮ ದೇಶದಲ್ಲಿ ಕೃಷಿ ವರಮಾನವೊಂದನ್ನು ರಾಜ್ಯಗಳಿಗೆ ಬಿಟ್ಟು ಉಳಿದ ವರಮಾನದ ಮೇಲಿನ ತೆರಿಗೆಯನ್ನು ಕೇಂದ್ರವೇ ಎತ್ತಿ, ಹಣಕಾಸು ಆಯೋಗದ ಸಲಹೆಯಂತೆ ರಾಜ್ಯಗಳಿಗೆ ಹಂಚುತ್ತದೆ. ಸಂಬಳದಿಂದ ಕಳೆಯುವ ವೃತ್ತಿ ತೆರಿಗೆಯೂ ಸಂವಿಧಾನದ 276ನೆಯ ವಿಧಿಯಂತೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ನಮ್ಮ ನಗರಸಭೆ ಮುಖ್ಯವಾಗಿ ಮನೆಕಂದಾಯವನ್ನು ನೆಚ್ಚಿದೆ. ಇಲ್ಲಿ ಒಂದು ಕೈ ಎತ್ತಿ ಹಂಚುತ್ತದೆ. ಅಲ್ಲಿ ಮೂರು ಕೈಗಳೂ ಬಾಗಿಲಿಗೇ ಬರುತ್ತವೆ. ನಮ್ಮ ಗುಮಾಸ್ತರಿಗೆ ಹೊಸದಾಗಿ ಕಂಡದ್ದು ಇದೇ.

ಆದುದರಿಂದ ಅಲ್ಲಿಯ ಕೆಲಸದ ಮಾತು ಬಂದಾಗ ಸಂಬಳ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ದುಡಿಯುವುದು ಯಾವ ಊರಿನಲ್ಲಿ, ಮನೆಮಾಡುವುದು ಯಾವ ಊರಿನಲ್ಲಿ ಎಂದೂ ಕೇಳಿ. ಅಷ್ಟನ್ನು ತಿಳಿದ ಮೇಲೆಯೇ ಊರಿಗೆ ಬರುವ ಹಣದ ಅಂದಾಜು ಮಾಡುವುದು ವಿವೇಕ. ಗುಮಾಸ್ತರು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಪಾಪ, ಹುಡುಗ ಹೇಳಿದ್ದೂ ಇದನ್ನೇ, ನಾನೇ ಗದರಿಬಿಟ್ಟೆ. ಈ ರಾತ್ರಿಯೇ ಅವನೊಡನೆ ಮಾತನಾಡುತ್ತೇನೆ" ಎಂದು ಎದ್ದರು.