ಕೊಳದ ಅಲಂಕಾರ ಮೀನುಗಳಿಗೆ ತಕ್ಕ ನೆಲೆ

ಮನೆಯ ಅಂಗಳದಲ್ಲಿಯೂ ತೋಟದ ಮಧ್ಯದಲ್ಲಿಯೂ ಸಣ್ಣ ಕೊಳವನ್ನು ಕಟ್ಟಿಸಿ, ಅದರಲ್ಲಿ ಬಣ್ಣಬಣ್ಣದ ಮೀನುಗಳನ್ನು ಬಿಡುವ ಅಭಿರುಚಿಯು ಪಟ್ಟಣಗಳಿಂದ ಹಳ್ಳಿಗಳಿಗೂ ಹಬ್ಬಿದೆ. ಇದು ಕಣ್ಣಿಗೆ ಹಿತವಾದುದು. ಸೊಳ್ಳೆಯ ಮರಿಗಳನ್ನು ಮೀನುಗಳು ತಿಂದುಹಾಕುವುದರಿಂದ ಮನೆಯವರ ಆರೋಗ್ಯಕ್ಕೂ ಹಿತವಾದುದೇ. ಆದರೆ ಬಹುಮಂದಿ ಮೊದಲು ಮೀನನ್ನು ಕೊಂಡು ತಂದು, ಅನಂತರ ಅದಕ್ಕೆ ಸ್ಥಳವನ್ನು ಹುಡುಕುತ್ತಾರೆ. ಕೊಟ್ಟಿಗೆಯ ಯೋಚನೆಯಿಲ್ಲದೆ ಎತ್ತನ್ನು ಕೊಳ್ಳುವ ರೈತನಿಲ್ಲ. ಮೀನಿನ ವಿಷಯದಲ್ಲಿಯೂ ಅದೇ ಕ್ರಮವನ್ನು ಅನುಸರಿಸತಕ್ಕದ್ದು. ನೆಲೆಯ ಆಯ್ಕೆಯಲ್ಲಿ ತಪ್ಪಿದರೆ ಎರಡು ವಿಧವಾದ ನಷ್ಟವುಂಟು. ಮೀನುಗಳು ಸಾಯುವುದು ಒಂದು. ಬದುಕಿ ಉಳಿದವು ಊರಿನ ಕೆರೆಯನ್ನು ಸೇರಿ ಅದನ್ನು ಕೆಡಿಸುವುದು ಮತ್ತೊಂದು.

ಮೀನಿನ ಬೆಳವಣಿಗೆ

ಕೊಳಗಳಲ್ಲಿ ಹೆಚ್ಚಾಗಿ ಸಾಕುವ ಜಾತಿಗಳು ಎರಡು. ಚಿನ್ನದ ಮೀನು ಚೀನಾ ದೇಶದಲ್ಲಿ ಸಾವಿರ ವರ್ಷಗಳಷ್ಟು ಹಿಂದೆಯೇ ಸಾಕಣೆಗೆ ಬಂದುದು. ಕೋಯಿ ಎಂಬುದು ಜಪಾನಿನದು. ಅಲ್ಲಿನ ನೀಗಾಟಾ ಸೀಮೆಯ ಬೆಟ್ಟದ ಭತ್ತದ ರೈತರು ಆಹಾರಕ್ಕಾಗಿ ನೀರಾವರಿ ಹೊಂಡಗಳಲ್ಲಿ ಸಾಕುತ್ತಿದ್ದ ಸಾಮಾನ್ಯ ಗೆಂಡೆಗಳಲ್ಲಿ ಬಣ್ಣದವುಗಳನ್ನು ಆಯ್ದು, 19ನೆಯ ಶತಮಾನದಲ್ಲಿ ಈ ತಳಿಗಳನ್ನು ಪಡೆದರು. ಅಂಗಡಿಯಲ್ಲಿ ಇವೆಲ್ಲವೂ ಬೆರಳುದ್ದದ ಮರಿಗಳೇ. ಆದರೆ ಕೊಳದಲ್ಲಿ ಚಿನ್ನದ ಮೀನು 8ರಿಂದ 12 ಅಂಗುಲ ಬೆಳೆಯಬಲ್ಲುದು. ಕೋಯಿಯು ಎರಡು ಅಡಿಯವರೆಗೂ ಬೆಳೆದು, ಒಳ್ಳೆಯ ಪಾಲನೆಯಲ್ಲಿ 25 ವರ್ಷಗಳಿಗೂ ಮೀರಿ ಬದುಕುವುದುಂಟು. ಆದಕಾರಣ ನೆಲೆಯನ್ನು ಮರಿಯ ಗಾತ್ರಕ್ಕೆ ನೋಡದೆ, ಬೆಳೆದ ಮೀನಿನ ಗಾತ್ರಕ್ಕೆ ನೋಡತಕ್ಕದ್ದು. ಗಾಜಿನ ದುಂಡು ಪಾತ್ರೆಯು ಇವೆರಡಕ್ಕೂ ಸಲ್ಲದು.

ಕೊಳದ ಅಳತೆ

ಮೀನು ಉಸಿರಾಡುವ ಪ್ರಾಣವಾಯುವು ಬಹುಪಾಲು ನೀರಿನ ಮೇಲ್ಮೈಯಿಂದಲೇ ಒಳಗೆ ಸೇರುತ್ತದೆ. ಆದುದರಿಂದ ಆಳವಾದರೂ ಬಾಯಿ ಕಿರಿದಾದ ಬಾವಿಗಿಂತ ಅಗಲವಾದ ಕೊಳವೇ ಉತ್ತಮ. ಒಂದು ಚದರ ಅಡಿ ಮೇಲ್ಮೈಗೆ ಎರಡು ಅಂಗುಲ ಉದ್ದದ ಮೀನು ಎಂಬುದು ವಾಡಿಕೆಯ ಲೆಕ್ಕ. 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಕೊಳವೊಂದನ್ನು ತೆಗೆದುಕೊಳ್ಳಿರಿ. ಅದರ ಮೇಲ್ಮೈ 60 ಚದರ ಅಡಿ. ಒಟ್ಟು 120 ಅಂಗುಲ ಮೀನಿಗೆ ಸಾಕು. ಎಂದರೆ 20 ಅಂಗುಲದ ಕೋಯಿಗಳು ಆರು. ಅದು ಹಿಡಿಯುವ ನೀರು ಸುಮಾರು 6,800 ಲೀಟರು. ದೊಡ್ಡ ಕೋಯಿಯೊಂದಕ್ಕೆ 1,000 ಲೀಟರಿನಂತೆ ಎಣಿಸಿದರೂ ಲೆಕ್ಕವು ಆರಕ್ಕೇ ನಿಲ್ಲುತ್ತದೆ. ಕೋಯಿಗೆ ನಾಲ್ಕು ಅಡಿಗೆ ಕಡಮೆಯಿಲ್ಲದ ಆಳವಿದ್ದರೆ ಬೇಸಗೆಯಲ್ಲಿ ತಳದ ನೀರು ತಂಪಾಗಿ ಉಳಿಯುತ್ತದೆ. ಕೊಕ್ಕರೆಗಳ ಕಾಟವೂ ಕಡಮೆ. ಚಿನ್ನದ ಮೀನಿಗೆ ಎರಡೂವರೆ ಅಡಿ ಸಾಕಾದೀತು.

ಸ್ಥಳ ಮತ್ತು ನೀರು

ದಿನದ ಅರ್ಧ ಭಾಗ ನೆರಳು ಬೀಳುವ ಸ್ಥಳವು ಯೋಗ್ಯವಾದುದು. ಆದರೆ ಹುಣಿಸೆ, ಬೇವು ಮೊದಲಾದ ಮರಗಳ ಕೆಳಗೆ ಕೊಳವನ್ನು ತೆಗೆಯಬಾರದು. ಉದುರಿದ ಎಲೆಯು ಕೊಳೆತು ಪ್ರಾಣವಾಯುವನ್ನು ಹೀರುವುದು. ಗದ್ದೆಯ ಗೊಬ್ಬರವೂ ಔಷಧಿಯೂ ಮಳೆಯ ನೀರಿನೊಡನೆ ಹರಿದುಬರುವ ತಗ್ಗು ನೆಲವು ವರ್ಜ್ಯ. ಕೃಷಿ ಹೊಂಡವಿರುವವರು, ಅದರ ನೀರು ಬೇಸಗೆಯಲ್ಲಿ ಬತ್ತದಿದ್ದರೆ ಮಾತ್ರ ಅದನ್ನು ಉಪಯೋಗಿಸಬಹುದು. ಮಕ್ಕಳು ಓಡಾಡುವ ಕಡೆ ಸುತ್ತಲೂ ಕಟ್ಟೆಯನ್ನಾಗಲಿ ಬೇಲಿಯನ್ನಾಗಲಿ ಹಾಕಿಸುವುದು ಅವಶ್ಯಕ.

ಹೊಸ ಸಿಮೆಂಟಿನಿಂದ ಸುಣ್ಣದ ಅಂಶವು ನೀರಿಗೆ ಬಿಡುತ್ತದೆ. ಇದರಿಂದ ಮೀನುಗಳು ಸಾಯುತ್ತವೆ. ಕೊಳವನ್ನು ತುಂಬಿ ಬರಿದು ಮಾಡುವುದನ್ನು ಕೆಲವು ವಾರಗಳವರೆಗೆ ಹಲವು ಬಾರಿ ನಡೆಸಿದ ಮೇಲೆಯೇ ಅದು ವಾಸಕ್ಕೆ ಯೋಗ್ಯವಾಗುವುದು. ಕ್ಲೋರಿನ್ ಬೆರಸಿದ ನಲ್ಲಿಯ ನೀರನ್ನು ಒಂದೆರಡು ದಿನ ತೆರೆದಿಟ್ಟು ಬಳಸತಕ್ಕದ್ದು. ಕೊಳವೆ ಬಾವಿಯ ನೀರಿನಲ್ಲಿ ಪ್ರಾಣವಾಯುವು ಅಲ್ಪವಾದುದರಿಂದ ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳುವಂತೆ ಬಿಡುವುದು ಲೇಸು.

ಮೀನಿನ ಕಿವಿರುಗಳಿಂದ ಅಮೋನಿಯಾ ಎಂಬ ವಿಷವು ಹೊರಬೀಳುತ್ತಲೇ ಇರುತ್ತದೆ. ಕೊಳದಲ್ಲಿ ನೆಲಸುವ ಸೂಕ್ಷ್ಮಜೀವಿಗಳು ಅದನ್ನು ನಿರಪಾಯವಾಗಿಸಬೇಕಾದರೆ ನಾಲ್ಕರಿಂದ ಆರು ವಾರಗಳು ಬೇಕು. ಆದ್ದರಿಂದ ಮೊದಲು ಎರಡು ಮೀನುಗಳನ್ನು ಮಾತ್ರ ಬಿಟ್ಟು, ಉಳಿದವನ್ನು ಕ್ರಮವಾಗಿ ಸೇರಿಸತಕ್ಕದ್ದು. ಐದು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಹಾಕತಕ್ಕದ್ದು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಿನ ಗುರುತೆಂದು ಭ್ರಮಿಸಬಾರದು. ರಾತ್ರಿಯಲ್ಲಿ ಪ್ರಾಣವಾಯುವು ಕುಗ್ಗಿದೆ, ಮೀನು ಹೆಚ್ಚಾಗಿದೆ ಎಂದು ತಿಳಿಯತಕ್ಕದ್ದು.

ಕೆರೆಗೆ ಬಿಡಕೂಡದು

ಮೀನು ಹೆಚ್ಚಾದಾಗ ಅವನ್ನು ಊರ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಬಂದಿತೆಂದು ತಿಳಿಯುವವರುಂಟು. ಇದು ದೊಡ್ಡ ತಪ್ಪು. ಗೆಂಡೆಯ ಜಾತಿಯು ತಳದ ಕೆಸರನ್ನು ಅಗೆದು ಮೇಯುತ್ತದೆ. ನೀರು ಕದಡಿ, ಜಲಸಸ್ಯಗಳು ನಾಶವಾಗಿ, ನಾಡಿನ ಮೀನುಗಳಿಗೆ ಆಹಾರವೂ ಮೊಟ್ಟೆಯಿಡುವ ಸ್ಥಳವೂ ಇಲ್ಲದಂತಾಗುತ್ತದೆ. ರೋಗಗಳೂ ಹರಡುವುವು. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿಗಳಲ್ಲಿ 1960ರ ದಶಕದಲ್ಲಿ ಸೇರಿಕೊಂಡ ಸಾಕಣೆಯ ಗೆಂಡೆಗಳು 1970ರ ದಶಕದ ನೆರೆಯಲ್ಲಿ ಎಲ್ಲೆಡೆಗೂ ಹರಡಿದವು. ಅವನ್ನು ನಿರ್ಮೂಲ ಮಾಡಲು ಆ ಸರ್ಕಾರಕ್ಕೆ ಇಂದಿಗೂ ಸಾಧ್ಯವಾಗಿಲ್ಲ. ಸಾಲುಸಾಲಾಗಿ ಒಂದರ ಕೋಡಿ ಇನ್ನೊಂದನ್ನು ಸೇರುವ ನಮ್ಮ ಕೆರೆಗಳಲ್ಲಿ, ಒಂದು ಊರಿನವರು ಮಾಡಿದ ತಪ್ಪು ಕೆಳಗಿನ ಊರುಗಳಿಗೂ ಇಳಿಯುವುದು.

ಆದಕಾರಣ ಕೊಳವು ಕಾಲುವೆಗೂ ಕೆರೆಗೂ ಸಂಬಂಧವಿಲ್ಲದೆ ಪ್ರತ್ಯೇಕವಾಗಿರಬೇಕು. ತುಂಬಿ ಹರಿಯುವ ಕಂಡಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿದು, ನೀರನ್ನು ಬಾಳೆಯ ಪಾತಿಗೆ ತಿರುಗಿಸುವುದು ಒಳ್ಳೆಯದು. ಆ ನೀರು ಗಿಡಗಳಿಗೆ ಉತ್ತಮ ಗೊಬ್ಬರವೂ ಹೌದು. ಹೆಚ್ಚಾದ ಮೀನುಗಳನ್ನು ತಕ್ಕ ಕೊಳವುಳ್ಳ ಬೇರೊಬ್ಬರಿಗೆ ಕೊಡಬಹುದು, ಮಾರಿದ ಅಂಗಡಿಯವರಿಗೆ ಹಿಂದಿರುಗಿಸಬಹುದು. ದಾರಿ ತೋರದಿದ್ದರೆ ಮೀನುಗಾರಿಕೆ ಇಲಾಖೆಯವರ ಸಲಹೆಯನ್ನು ಪಡೆಯಬಹುದು.

ಹಳ್ಳಿಯಲ್ಲಿ ಹಿರಿಯರು ಮಾಡಿದುದನ್ನೇ ಉಳಿದವರೂ ಅನುಸರಿಸುವರು. ಊರ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಕೊಳವನ್ನು ಅಳೆದು, ಅದು ಹೊರುವಷ್ಟೇ ಮೀನನ್ನು ತಂದು, ಒಂದನ್ನೂ ಕೆರೆಗೆ ಬಿಡದೆ ಮೇಲ್ಪಂಕ್ತಿಯನ್ನು ಹಾಕಿದರೆ, ಅಂಗಳದ ಸೊಬಗೂ ಊರ ಕೆರೆಯ ಕ್ಷೇಮವೂ ಒಟ್ಟಿಗೇ ಉಳಿಯುವುವು.